ನೌಕರಿ ದಲ್ಲಾಳಿಗಳ ಬಗ್ಗೆ ಸದಸ್ಯರ ಗಮನಕ್ಕೆ

ಗೋವಾದ ವಾಸ್ಕೋದಲ್ಲಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

‘ನಗರಸಭೆಯಲ್ಲಿ ಗುಮಾಸ್ತರ ಹುದ್ದೆ ಇದೆ, ಶಾಸಕರ ಕಡೆಯವರು ಪರಿಚಯ, ಮುಂಗಡ ಕೊಟ್ಟರೆ ಸಾಕು’ ಎಂದು ನಮ್ಮ ಗುಂಪಿನಲ್ಲಿ ಹಾಕಿದ್ದ ಸಂದೇಶವನ್ನು ಅಳಿಸಿದ್ದೇನೆ. ಮತ್ತೆ ಹಾಕಿದವರನ್ನು, ಎಷ್ಟೇ ಹಿರಿಯರಾಗಿರಲಿ, ಗುಂಪಿನಿಂದ ತೆಗೆಯುತ್ತೇನೆ.

ಸರ್ಕಾರಿ ನೌಕರಿ ಕೊಡಿಸುವುದಾಗಿ ಲಕ್ಷಗಟ್ಟಲೆ ನುಂಗಿದವರನ್ನು 2024ರಲ್ಲಿ ಗೋವಾ ಪೊಲೀಸರು ಒಬ್ಬರ ಹಿಂದೊಬ್ಬರಂತೆ ಬಂಧಿಸಿದ್ದು ಮರೆತುಹೋಯಿತೇ? ಹಣ ಕೊಟ್ಟವರೂ ಪಾರಾಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರಿಗೂ 7 ವರ್ಷಗಳವರೆಗೆ ಜೈಲು ಶಿಕ್ಷೆ ಆಗಬಹುದು. ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಊರಿನ ಹೊಲ ಮಾರಿ ಕೊಟ್ಟೆ ಎಂದರೆ ಯಾರೂ ಕೇಳುವುದಿಲ್ಲ.

ಇಲ್ಲಿನ ಸರ್ಕಾರಿ ಹುದ್ದೆಗೆ ಸಾಮಾನ್ಯವಾಗಿ 15 ವರ್ಷಗಳ ವಾಸದ ಪ್ರಮಾಣಪತ್ರ, ಕೊಂಕಣಿ ಜ್ಞಾನ ಎರಡೂ ಬೇಕು. ಇವು ಬೇಡವೆನ್ನುವವನು ಹಸಿ ಸುಳ್ಳುಗಾರ.

ವಶೀಲಿಗೆ ಹೆಚ್ಚು ಆಸ್ಪದವಿರುವುದು ದಿನಗೂಲಿ, ಗುತ್ತಿಗೆ ನೇಮಕದಲ್ಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಪರೀಕ್ಷೆಗಿಂತ ಶಿಫಾರಸಿನ ಚೀಟಿಗೇ ಬೆಲೆ. ಸೇರಿದವನು ಮುಂದಿನ ಚುನಾವಣೆಯಲ್ಲಿ ಕೆಲಸ ಕೊಡಿಸಿದವರ ಬಾವುಟ ಹಿಡಿಯಲೇಬೇಕು.

ಪರೀಕ್ಷೆ ಬರೆದೂ ಅನುಮಾನವಿದ್ದರೆ, ಮಾಹಿತಿ ಹಕ್ಕಿನಡಿ ಅಂಕಗಳನ್ನೂ ಆಯ್ಕೆ ಪಟ್ಟಿಯನ್ನೂ ಕೇಳಿ. ಕಚೇರಿಯವರು 30 ದಿನಗಳೊಳಗೆ ಉತ್ತರಿಸಬೇಕು. ಅರ್ಜಿ ಬರೆಯಲು ನೆರವು ಬೇಕಾದವರು ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ.