ಸೂಟ್‌ಕೇಸ್ ಒಡೆದರೆ 7 ದಿನ ಟೈಮ್ ಇದೆ

ಮಾನ್ಯರೇ,

ದುಬೈನ ಮಗಳ ಮನೆಯಿಂದ ಕಳೆದ ತಿಂಗಳು ವಾಪಸಾದೆವು. ಬೆಂಗಳೂರಲ್ಲಿ ಇಳಿದಾಗ ನಡುರಾತ್ರಿ. ಹಾಗೇ ಮಂಡ್ಯಕ್ಕೆ ಹೊರಟೆವು. ಬೆಳಗ್ಗೆ ನೋಡಿದರೆ ಸೂಟ್‌ಕೇಸಿನ ಮೂಲೆ ಸೀಳಿದೆ, ಒಂದು ಚಕ್ರವೇ ಇಲ್ಲ. ಒಳಗೆ ಖರ್ಜೂರದ ಡಬ್ಬಿ ಜಜ್ಜಿಹೋಗಿ ನಮ್ಮವಳ ಹೊಸ ಸೀರೆಯೆಲ್ಲ ಅಂಟಂಟು. ವಿಮಾನ ಕಂಪನಿಗೆ ಫೋನ್ ಮಾಡಿದರೆ, ‘ಏರ್‌ಪೋರ್ಟ್ ಬಿಟ್ಟ ಮೇಲೆ ಏನೂ ಮಾಡಕ್ಕಾಗಲ್ಲ ಸಾರ್’ ಎಂದರು.

ಇದು ಸುಳ್ಳು. ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ಆಗುವ ನಷ್ಟಕ್ಕೆ ಪರಿಹಾರದ ನಿಯಮ ಹೇಳುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲೇ ಸೇರಿದೆ. ಅದರ ಪ್ರಕಾರ ಲಗೇಜ್ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ದೂರು ಕೊಡಬಹುದು. ಬರವಣಿಗೆಯಲ್ಲೇ ಕೊಡಬೇಕು, ಫೋನ್ ಸಾಲದು. ಏರ್‌ಪೋರ್ಟಿನ ಲಗೇಜ್ ಬೆಲ್ಟ್ ಹತ್ತಿರವೇ ನೋಡಿ ಬರೆಸಿದ್ದರೆ ಸಾಕ್ಷಿಗೆ ಇನ್ನೂ ಒಳ್ಳೆಯದಿತ್ತು, ಅದು ನನ್ನ ತಪ್ಪೇ.

ಒಪ್ಪಂದದ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮೌಲ್ಯ) ಆಗಿದೆ. ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ನನಗೆ ಅಷ್ಟೆಲ್ಲ ಬೇಡ, ಪೆಟ್ಟಿಗೆ ಮತ್ತು ಸೀರೆಯ ದುಡ್ಡು ಬಂದರೆ ಸಾಕು. ಆದರೆ ಈ ನಿಯಮವನ್ನು ಬೆಲ್ಟ್ ಪಕ್ಕದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಹಾಕಬಹುದು ಅಲ್ವಾ?

– ಒಬ್ಬ ಓದುಗ, ಮಂಡ್ಯ