ಮೊಳಕೆ ನೋಡಿ ಗೋಲ್‌ಕೀಪರ್‌ನ ಅಳೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಐಸ್ ಹಾಕಿ ಬಗ್ಗೆ ಬರಹ ಬಂದದ್ದು ನೋಡಿ ಖುಷಿಯಾಯಿತು. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಅರ್ಧ ಪುಟ ಸಿಗುವುದೇ ಅಪರೂಪ ಅಲ್ವಾ. ಆದರೆ ಅದರಲ್ಲಿ 17 ವರ್ಷದ ಒಬ್ಬ ಗೋಲ್‌ಕೀಪರ್ ಬಗ್ಗೆ ಬರೆದಿದ್ದಕ್ಕೆ ನನ್ನ ತಕರಾರಿದೆ. ಹುಡುಗ ಆರಡಿ ನಾಲ್ಕಿಂಚು ಇದ್ದಾನೆ, ನೂರರಲ್ಲಿ 92 ಹೊಡೆತ ತಡೆಯುತ್ತಾನೆ, ಹಾಗಾಗಿ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಮುಂದಿನ ದೊಡ್ಡ ಹೆಸರು ಇವನೇ ಅಂತ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಕೊನೆಯಲ್ಲಿ ‘ಬೆಳೆಯ ಸಿರಿ ಮೊಳಕೆಯಲ್ಲಿ’ ಅಂತ ಗಾದೆ ಬೇರೆ. ಫಾರ್ವರ್ಡ್ ಆಟಗಾರರ ವಿಷಯದಲ್ಲಿ ಆ ಗಾದೆ ಒಂದು ಮಟ್ಟಿಗೆ ನಡೆಯುತ್ತದೆ. ಗೋಲ್‌ಕೀಪರ್ ವಿಷಯದಲ್ಲಿ ನಡೆಯುವುದಿಲ್ಲ.

ನಾನು ಹಾಸನದವಳು. ಈಗಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ. ಕೆಲಸ ಲೆಕ್ಕಪತ್ರದ್ದು. ಮಗ ಗೋಲ್‌ಕೀಪರ್. ಅವನ ತಂಡದ ಕೀಪಿಂಗ್ ಕೋಚ್‌ಗೆ ಪಂದ್ಯದ ಹೊಡೆತಗಳನ್ನೆಲ್ಲ ಹಾಳೆಯ ಮೇಲೆ ಗುರುತು ಹಾಕಿಕೊಡುವವರು ಒಬ್ಬರು ಬೇಕಿತ್ತು. ಲೆಕ್ಕದವಳು ಅಂತ ಆ ಕೆಲಸ ನನ್ನ ತಲೆಗೆ ಬಂತು. ಹಾಗಾಗಿ ನಾನು ತಜ್ಞೆ ಏನಲ್ಲ. ಆದರೆ ಚಳಿಯಲ್ಲಿ ಬೆಂಚಿನ ಮೇಲೆ ಕೂತು, ಎರಡೂ ಕಡೆಯ ಕೀಪರ್‌ಗಳನ್ನು ಬಿಟ್ಟು ಬೇರೇನನ್ನೂ ನೋಡದೆ ಸುಮಾರು ಚಳಿಗಾಲ ಕಳೆದಿದ್ದೇನೆ.

ಮೊದಲು ಡ್ರಾಫ್ಟ್ ವಿಷಯ. ಓದುಗರು ಇದನ್ನು ಐಪಿಎಲ್ ಹರಾಜು ಅಂದುಕೊಳ್ಳುವುದು ಬೇಡ. ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಎನ್‌ಎಚ್‌ಎಲ್ ತಂಡಗಳು ಸರದಿ ಪ್ರಕಾರ ತಮಗೆ ಬೇಕಾದ, 18ರ ಆಸುಪಾಸಿನ ಹುಡುಗರ ಹೆಸರು ಹೇಳುತ್ತಾ ಹೋಗುತ್ತವೆ. 2000ನೇ ಇಸವಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಎಲ್ಲರಿಗಿಂತ ಮೊದಲು ಹೇಳಿದ ಹೆಸರು ರಿಕ್ ಡಿಪಿಯೆಟ್ರೊ ಎಂಬ ಕೀಪರ್‌ದು. 2006ರಲ್ಲಿ ಅದೇ ತಂಡ ಅವರಿಗೆ 15 ವರ್ಷದ, 6 ಕೋಟಿ 75 ಲಕ್ಷ ಡಾಲರ್ ಒಪ್ಪಂದ ಕೊಟ್ಟಿತು. ಆಮೇಲೆ ಗಾಯದ ಮೇಲೆ ಗಾಯ. 2013ರಲ್ಲಿ ತಂಡವೇ ಹಣ ಕೊಟ್ಟು ಒಪ್ಪಂದದಿಂದ ಬಿಡಿಸಿಕೊಂಡಿತು. ಅದೇ 2000ದ ಡ್ರಾಫ್ಟ್‌ನಲ್ಲಿ ಏಳನೇ ಸುತ್ತಿನಲ್ಲಿ, 205ನೆಯವನಾಗಿ ಹೋದ ಸ್ವೀಡನ್ನಿನ ಹುಡುಗ ಹೆನ್ರಿಕ್ ಲುಂಡ್‌ಕ್ವಿಸ್ಟ್. ಅವನ ಅವಳಿ ಸೋದರ ಜೋಯೆಲ್‌ನನ್ನು ಮೂರನೇ ಸುತ್ತಿನಲ್ಲೇ ಕರೆದಿದ್ದರು. ಅವನು ಫಾರ್ವರ್ಡ್ ನೋಡಿ! ಹೆನ್ರಿಕ್ ಇನ್ನೂ ಐದು ವರ್ಷ ಸ್ವೀಡನ್ನಿನಲ್ಲೇ ಆಡಿ 2005ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ತಂಡವಾದ ರೇಂಜರ್ಸ್‌ಗೆ ಬಂದರು. 459 ಪಂದ್ಯ ಗೆದ್ದರು. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಒಂದೇ ಡ್ರಾಫ್ಟ್, ಅವೇ ತಂಡಗಳ ಆಯ್ಕೆಗಾರರು, ನಡುವೆ 203 ಹೆಸರು.

ಇದು ಅಪವಾದ ಅನ್ನಿಸಿದರೆ 2012 ನೋಡಿ. ಮೊದಲ ಸುತ್ತಿನಲ್ಲಿ ಇಬ್ಬರು ಕೀಪರ್ ಹೋದರು. 19ನೆಯವರು ಆಂಡ್ರೆ ವಸಿಲೆವ್‌ಸ್ಕಿ, 24ನೆಯವರು ಮಾಲ್ಕಮ್ ಸುಬ್ಬಾನ್. ವಸಿಲೆವ್‌ಸ್ಕಿ 2020 ಮತ್ತು 2021ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದರು. ಆ ಆಯ್ಕೆ ಸರಿಯಾಗಿಯೇ ಇತ್ತು. ಸುಬ್ಬಾನ್ ಎಲ್ಲೂ ಖಾಯಂ ಕೀಪರ್ ಆಗಲಿಲ್ಲ. 83ನೆಯವರಾಗಿ ಹೋದ ಮ್ಯಾಟ್ ಮರ್ರಿ ಶುರುವಿನಲ್ಲೇ ಎರಡು ಕಪ್ ಗೆದ್ದರು, ಆಮೇಲೆ ಗಾಯಗಳು ಬಿಡಲಿಲ್ಲ. 130ನೆಯವರು ಕಾನರ್ ಹೆಲ್ಲೆಬಕ್. ಹಿಂದಿನ ವರ್ಷ ಅವರನ್ನು ಯಾರೂ ಕೇಳಿರಲೇ ಇಲ್ಲ. ಟೆಕ್ಸಸ್‌ನ ಒಡೆಸ್ಸಾದಲ್ಲಿ, ಎಣ್ಣೆ ಬಾವಿಗಳ ಊರಿನಲ್ಲಿ, ಸಣ್ಣ ಲೀಗ್ ಒಂದರಲ್ಲಿ ಆಡುತ್ತಿದ್ದರು. ಮುಂದೆ ವರ್ಷದ ಅತ್ಯುತ್ತಮ ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ 2020, 2024, 2025ರಲ್ಲಿ ಅವರ ಪಾಲಾಯಿತು. 2025ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿಯೂ ಬಂತು. 2023ರ ವೆಜಿನಾ ಗೆದ್ದ ಲೀನಸ್ ಉಲ್‌ಮಾರ್ಕ್ ಕೂಡ ಅದೇ ಡ್ರಾಫ್ಟ್‌ನವರು, 163ನೆಯವರು. ಸೆರ್ಗೆಯ್ ಬೊಬ್ರೊವ್‌ಸ್ಕಿ ಅಂತೂ ಯಾವ ಡ್ರಾಫ್ಟ್‌ನಲ್ಲೂ ಯಾರಿಗೂ ಬೇಡವಾಗಿದ್ದವರು. ಎರಡು ವೆಜಿನಾ, 2024 ಮತ್ತು 2025ರಲ್ಲಿ ಫ್ಲೋರಿಡಾ ಜೊತೆ ಎರಡು ಸ್ಟ್ಯಾನ್ಲಿ ಕಪ್.

ಬೇಗ ಅರಳಿದವರು ಇಲ್ಲವೆಂದಲ್ಲ. ಪ್ಯಾಟ್ರಿಕ್ ರುವಾ 1986ರಲ್ಲಿ 20ನೇ ವಯಸ್ಸಿಗೇ ಮಾಂಟ್ರಿಯಲ್‌ಗೆ ಕಪ್ ಗೆದ್ದುಕೊಟ್ಟರು. 2003ರ ಮೊದಲ ಆಯ್ಕೆ ಮಾರ್ಕ್-ಆಂಡ್ರೆ ಫ್ಲ್ಯೂರಿ ಮೂರು ಕಪ್ ಕಂಡರು. ಆದರೆ ಫ್ಲ್ಯೂರಿ ಆದಮೇಲೆ ಇಷ್ಟು ವರ್ಷ ಯಾವ ತಂಡವೂ ಮೊದಲ ಆಯ್ಕೆಯಲ್ಲಿ ಕೀಪರ್ ಹೆಸರು ಹೇಳಿಲ್ಲ. ಇಡೀ ಜೀವನ ಇದೇ ಕೆಲಸ ಮಾಡಿದವರೇ ಕೈಸುಟ್ಟುಕೊಂಡು ಹಿಂದೆ ಸರಿದಿರುವಾಗ, ನಾವು ಒಂದು ಫೋಟೊ, ಎರಡು ಅಂಕಿ ನೋಡಿ ಭವಿಷ್ಯ ಹೇಳುವುದು ಹೇಗೆ?

ನಮ್ಮ ಹಾಕಿಯಲ್ಲೂ ಕೀಪರ್‌ಗಳು ತಡವಾಗಿಯೇ ಮಾಗುತ್ತಾರೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಚಿನ್ನ ಉಳಿಸಿಕೊಟ್ಟ ನಮ್ಮ ಆಶಿಶ್ ಬಲ್ಲಾಳ್‌ಗೆ ಆಗ 28ರ ಆಸುಪಾಸು. ಶ್ರೀಜೇಶ್ ಪ್ಯಾರಿಸ್‌ನಲ್ಲಿ ಕಂಚು ಗೆದ್ದು ನಿವೃತ್ತರಾದಾಗ 36.

ಇನ್ನು ಆ 92ರ ಕಥೆ. ಒಬ್ಬ ಕೀಪರ್ 40 ಹೊಡೆತ ಎದುರಿಸಿ 36 ತಡೆದ, ಅಂದರೆ ನೂರಕ್ಕೆ 90. ಇನ್ನೊಬ್ಬ 15 ಎದುರಿಸಿ 14 ತಡೆದ, ನೂರಕ್ಕೆ 93. ಪತ್ರಿಕೆಯಲ್ಲಿ ಎರಡನೆಯವನೇ ಗಟ್ಟಿಗ. ಆದರೆ ಎರಡನೆಯವನ ಮುಂದೆ ಗಟ್ಟಿ ಡಿಫೆನ್ಸ್ ಇತ್ತು, 15ರಲ್ಲಿ 11 ಹೊಡೆತ ದೂರದಿಂದ, ಅವನ ಎದುರು ಯಾರೂ ಅಡ್ಡ ನಿಂತಿರಲಿಲ್ಲ. ಮೊದಲನೆಯವನಿಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಪಾಸ್ ಆಗಿ ತಕ್ಷಣ ಬಂದ ಹೊಡೆತಗಳೇ ಹತ್ತು. ಇದನ್ನೆಲ್ಲ ಆ ಶೇಕಡಾವಾರು ಹೇಳುತ್ತಾ? ಇಲ್ಲ. ಕಂಬಕ್ಕೆ ಬಡಿದು ಹೊರಗೆ ಹೋದ ಪಕ್ (ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಲೆಕ್ಕಕ್ಕೇ ಬರುವುದಿಲ್ಲ. ಮಕ್ಕಳ ಪಂದ್ಯದಲ್ಲಂತೂ ಹೊಡೆತ ಎಣಿಸುವುದು ಯಾರೋ ಒಬ್ಬರ ಅಪ್ಪ. ಹೊರಗೆ ಹೋಗುತ್ತಿದ್ದ ಪಕ್ ಅನ್ನು ತಮ್ಮ ಮಗ ಸುಮ್ನೆ ಮುಟ್ಟಿದರೂ ಅದೂ ಒಂದು ಸೇವ್!

ನನ್ನ ಹಾಳೆ ಹೇಗಿರುತ್ತದೆ ಹೇಳುತ್ತೇನೆ. ನಡುವೆ ಗೋಲಿನ ಚಿತ್ರ, ನಾಲ್ಕಡಿ ಎತ್ತರ, ಆರಡಿ ಅಗಲದ್ದು. ಅದರ ಮುಂದೆ ನೀಲಿ ಅರ್ಧವೃತ್ತ, ಅಂದರೆ ಕ್ರೀಸ್. ಹೊಡೆತ ಎಲ್ಲಿಂದ ಬಂತೋ ಅಲ್ಲೊಂದು ಚುಕ್ಕಿ. ಎದುರಿಗೆ ಯಾರಾದರೂ ಅಡ್ಡ ನಿಂತಿದ್ದರೆ ಪಕ್ಕದಲ್ಲಿ ‘ಅ’. ತಡೆದ ಪಕ್ ಮತ್ತೆ ಗೋಲಿನ ಮುಂದಕ್ಕೇ ಬಿದ್ದರೆ ‘ಮು’, ಮೂಲೆಗೆ ಹೋದರೆ ‘ಮೂ’, ಕೈಯಲ್ಲೇ ಉಳಿದರೆ ‘ಕೈ’. ಹೊಡೆತಕ್ಕೆ ಮುಂಚೆಯೇ ಕೀಪರ್ ಜಾಗಕ್ಕೆ ಬಂದು ಕಾಲು ನಿಲ್ಲಿಸಿದ್ದರೆ ಒಂದು ಟಿಕ್. ಇನ್ನೂ ಜಾರುತ್ತಲೇ ಇದ್ದರೆ ಟಿಕ್ ಇಲ್ಲ. ಎಲ್ಲ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಪಕ್ಕದಲ್ಲಿ ಕೂತ ಅಪ್ಪ ಅಮ್ಮಂದಿರು ಇಣುಕಿ ನೋಡಿ ಜಗಳಕ್ಕೆ ಬರಬಾರದಲ್ಲ! ಪಂದ್ಯ ಮುಗಿದ ಮೇಲೆ ಕೋಚ್ ಮೊದಲು ನೋಡುವುದು ಗೋಲುಗಳನ್ನಲ್ಲ, ಟಿಕ್‌ಗಳನ್ನು. ಟಿಕ್ ಬಿದ್ದ ಮೇಲೂ ಗೋಲಾದರೆ ಅವರು ಹೆಚ್ಚು ಮಾತಾಡುವುದಿಲ್ಲ. ಟಿಕ್ ಇಲ್ಲದೆ ಹಾರಿ ಬಿದ್ದು ತಡೆದರೆ, ಜನ ಚಪ್ಪಾಳೆ ಹೊಡೆದ ಆ ಸೇವ್ ಬಗ್ಗೆಯೇ ಮಗನಿಗೆ ಪ್ರಶ್ನೆ: ಅಲ್ಲಿಗೆ ತಡವಾಗಿ ಯಾಕೆ ಹೋದೆ?

ಒಂದು ಪಂದ್ಯ ಹೇಳಲೇಬೇಕು. ಎದುರು ತಂಡದಲ್ಲಿ ಒಬ್ಬಳು ಪುಟ್ಟ ಹುಡುಗಿ ಕೀಪರ್. ಭುಜ ಗೋಲಿನ ಮೇಲಿನ ಕಂಬಿಗಿಂತ ಸ್ವಲ್ಪವೇ ಮೇಲೆ. ಎರಡನೇ ಗೋಲು ಅವಳ ಕಾಲುಗಳ ನಡುವೆ ನುಸುಳಿತು, ಅದೂ ಸುಲಭದ ಹೊಡೆತ. ಅವಳು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು. ಕೋಲಿನಿಂದ ಎಡಗಂಬ, ಬಲಗಂಬ ತಟ್ಟಿದಳು. ಮುಂದಿನ ದಾಳಿ ಬಂದಾಗ ಹೆದರಿ ಗೋಲಿನೊಳಗೆ ಸರಿಯಲಿಲ್ಲ. ಮೊದಲು ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿಗೇ, ಕ್ರೀಸಿನ ಅಂಚಿಗೇ ಬಂದು ನಿಂತಳು. ನಮ್ಮ ಕಡೆ ಇದ್ದ ಉದ್ದನೆ ಹುಡುಗ (ನನ್ನ ಮಗ ಅಲ್ಲ, ಅವನು ಅವತ್ತು ಬೆಂಚಿನಲ್ಲಿದ್ದ) ಮೊದಲ ಗೋಲು ಬಿದ್ದ ಮೇಲೆ ಹೆಜ್ಜೆ ಹೆಜ್ಜೆ ಹಿಂದೆ ಸರಿದು ಗೋಲಿನ ಗೆರೆಗೆ ಅಂಟಿಕೊಂಡ. ಪಂದ್ಯ ನಾವೇ ಗೆದ್ದೆವು. ಅಂಕಿಯಲ್ಲಿ ಅವನೇ ಮೇಲು. ಆದರೆ ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂದರೆ ನಾನು ಆ ಹುಡುಗಿಯ ಹೆಸರೇ ಹೇಳುತ್ತೇನೆ.

ಗೆರೆಗೆ ಹತ್ತಿರ ನಿಲ್ಲುವುದೇ ತಪ್ಪು ಅಂತಲೂ ಅಲ್ಲ. ಲುಂಡ್‌ಕ್ವಿಸ್ಟ್ ಗೋಲಿನೊಳಗೇ ನಿಂತು ಆಡಿ ದೊಡ್ಡವರಾದವರು. ಡೊಮಿನಿಕ್ ಹಾಶೆಕ್ ಅಂತೂ ಬೆನ್ನಿನ ಮೇಲೆ ಉರುಳಿ, ಕೋಲು ಬಿಟ್ಟು, ಕೈಗೆ ಸಿಕ್ಕಿದ್ದರಲ್ಲಿ ತಡೆಯುತ್ತಿದ್ದರು. 1983ರಲ್ಲಿ 199ನೆಯವರಾಗಿ ಹೋದ ಅವರು ಆರು ವೆಜಿನಾ, ಎರಡು ಹಾರ್ಟ್ ಗೆದ್ದರು. ಗೊತ್ತಿದ್ದು ಒಳಗೆ ನಿಲ್ಲುವುದು ಬೇರೆ, ಭಯಕ್ಕೆ ಸರಿಯುವುದು ಬೇರೆ. ಇದು ಒಂದೇ ಪಂದ್ಯದಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಒಳ್ಳೆಯ ಸ್ಕೌಟ್‌ಗಳು, ಅಂದರೆ ತಂಡಗಳಿಗೆ ಆಟಗಾರರನ್ನು ಹುಡುಕಿಕೊಡುವವರು, ಒಬ್ಬನೇ ಕೀಪರನ್ನು ಗೆದ್ದಾಗ, ಸೋತಾಗ, ಸತತ ಎರಡು ದಿನ ಆಡಿದಾಗ ಬೇರೆ ಬೇರೆಯಾಗಿ ನೋಡುತ್ತಾರೆ. ಪಕ್ ಇನ್ನೊಂದು ತುದಿಯಲ್ಲಿರುವಾಗಲೂ ಅವನನ್ನೇ ನೋಡುತ್ತಾರೆ.

ಎತ್ತರದ ಬಗ್ಗೆ. ಎತ್ತರ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ. ಈಗಿನ ಕೀಪರ್‌ಗಳು ಮಂಡಿಯೂರಿ, ಎರಡೂ ಪ್ಯಾಡ್ ಹರಡಿ ಕೆಳಭಾಗವನ್ನೆಲ್ಲ ಮುಚ್ಚುತ್ತಾರೆ. ಇದಕ್ಕೆ ಬಟರ್‌ಫ್ಲೈ ಅನ್ನುತ್ತಾರೆ. ಹಾಗೆ ಕೂತಾಗ ಭುಜದ ಮೇಲೆ ಎಷ್ಟು ಜಾಗ ಖಾಲಿ ಉಳಿಯುತ್ತದೆ ಅನ್ನುವುದು ಎತ್ತರದ ಮೇಲೇ ನಿಂತಿದೆ. ಆದರೆ ಡಸ್ಟಿನ್ ವುಲ್ಫ್‌ನ ನೋಡಿ, ಬರೀ ಆರಡಿ. 2019ರ ಡ್ರಾಫ್ಟ್‌ನಲ್ಲಿ ಒಟ್ಟು 217 ಆಯ್ಕೆ, ಅವರದು 214ನೆಯದು. ಆಮೇಲೆ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್‌ನಲ್ಲಿ ಎರಡು ವರ್ಷ ಅತ್ಯುತ್ತಮ ಕೀಪರ್. 2025ರಲ್ಲಿ ಎನ್‌ಎಚ್‌ಎಲ್‌ನ ಅತ್ಯುತ್ತಮ ಹೊಸಬನ ಆಯ್ಕೆಯಲ್ಲಿ ಎರಡನೇ ಸ್ಥಾನ. ಇನ್ನು ಮಕ್ಕಳ ಮಟ್ಟದಲ್ಲಿ ಎತ್ತರ ಅಂದರೆ ಬಹಳ ಸಲ ಹುಟ್ಟಿದ ತಿಂಗಳು ಅಷ್ಟೇ. ಕೆನಡಾದಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಶುರು. ಜನವರಿಯ ಮಗುವೂ ಡಿಸೆಂಬರಿನ ಮಗುವೂ ಒಂದೇ ತಂಡಕ್ಕೆ ಪೈಪೋಟಿ. ಹನ್ನೆರಡು ವರ್ಷದವರಲ್ಲಿ ಹನ್ನೊಂದು ತಿಂಗಳು ಕಮ್ಮಿ ಏನಲ್ಲ.

ನಮ್ಮ ಕಡೆಯ ಒಂದು ಕ್ಲಬ್ಬಿನ ಆಯ್ಕೆ ಶಿಬಿರದಲ್ಲಿ ಇದನ್ನು ಕಣ್ಣಾರೆ ಕಂಡೆ. ಹೆಸರು ಬೇಡ. ಕೀಪರ್‌ಗಳ ಎದುರು ಫಾರ್ವರ್ಡ್‌ಗಳು ಒಬ್ಬೊಬ್ಬರಾಗಿ ಪಕ್ ತಂದು ಹೊಡೆಯುತ್ತಾ ಹೋದರು. ಅಡ್ಡ ನಿಲ್ಲುವವರಿಲ್ಲ, ಪಾಸ್ ಇಲ್ಲ, ತಡೆದ ಪಕ್ ಎಲ್ಲಿ ಬಿತ್ತು ಅಂತ ನೋಡುವವರೂ ಇಲ್ಲ. ಮೇಲೆ ಕೂತವರು ಜರ್ಸಿ ನಂಬರ್ ಪಕ್ಕ ಅಂಕ ಬರೆದುಕೊಂಡರು. ಅವರಲ್ಲಿ ಕೀಪರ್ ಆಗಿ ಆಡಿದವರು ಒಬ್ಬರೂ ಇರಲಿಲ್ಲ. ಪಂದ್ಯದಲ್ಲಿ ಅಪರೂಪಕ್ಕೆ ಬರುವ ಒಂದು ಸನ್ನಿವೇಶವನ್ನೇ ಗಂಟೆಗಟ್ಟಲೆ ಮಾಡಿಸಿ, ಉಳಿದಿದ್ದನ್ನೆಲ್ಲ ಬಿಟ್ಟು ಮಕ್ಕಳಿಗೆ ದರ್ಜೆ ಹಚ್ಚಿದರು. ಮಗ ಆ ತಂಡಕ್ಕೆ ಆಯ್ಕೆಯಾಗಲಿಲ್ಲ. ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದಾನೆ, ಜಾಸ್ತಿ ಹೊಡೆತ ಎದುರಿಸುತ್ತಿದ್ದಾನೆ. ನಿಜ ಹೇಳಬೇಕೆಂದರೆ ಅದೇ ಅವನಿಗೆ ಒಳ್ಳೆಯದಾಯಿತು.

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೀನಿ ಅಂದರೆ, ಇಲ್ಲಿನ ನಮ್ಮವರ ಮನೆಗಳಲ್ಲೂ ಮಕ್ಕಳು ಈ ಆಟಕ್ಕೆ ಇಳಿಯುತ್ತಿದ್ದಾರೆ. ಯುಗಾದಿ ಊಟದ ಪಂಕ್ತಿಯಲ್ಲೇ ನನ್ನನ್ನು ಹಿಡಿದು ಕೇಳುತ್ತಾರೆ: ‘ಅಕ್ಕಾ, ನಮ್ಮವನು ಕೀಪರ್ ಆಗ್ತೀನಿ ಅಂತಾನೆ, ಮುಂದೆ ಬರ್ತಾನಾ?’ ಊರಿನಲ್ಲಿರುವ ಅಜ್ಜ ಅಜ್ಜಿ ನಿಮ್ಮ ಪತ್ರಿಕೆ ಓದಿ, ಫೋನ್ ಮಾಡಿ, ‘ಅವನ ಪರ್ಸೆಂಟೇಜ್ ಎಷ್ಟು’ ಅಂತ ವಿಚಾರಿಸುತ್ತಾರೆ, ಪಿಯುಸಿ ರಿಸಲ್ಟ್ ಕೇಳಿದ ಹಾಗೆ. ಕೀಪರ್ ಪ್ಯಾಡ್ ಒಂದು ಜೊತೆಗೇ ಸಾವಿರ ಡಾಲರ್ ದಾಟುವುದುಂಟು. ಅದರ ಮೇಲೆ ಖಾಸಗಿ ಕೋಚಿಂಗ್. ಹತ್ತು ವರ್ಷದ ಮಗುವಿಗೆ ‘ಪ್ರಾಸ್ಪೆಕ್ಟ್’ (ಮುಂದೆ ದೊಡ್ಡ ಆಟಗಾರ ಆಗುವವನು) ಅಂತ ಹಣೆಪಟ್ಟಿ ಕಟ್ಟಿ ಇಷ್ಟು ದುಡ್ಡು ಸುರಿಯುವವರಿಗೆ ನಾನು ಹೇಳುವುದು ಒಂದೇ. ಮೊದಲು ಸ್ಕೇಟಿಂಗ್ ಕಲಿಸಿ. ಒಂದೆರಡು ವರ್ಷ ಫಾರ್ವರ್ಡ್ ಆಗಿಯೂ ಆಡಲಿ. ಪ್ಯಾಡ್ ಬೇಕಾದರೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ಪತ್ರಿಕೆಗೂ ಒಂದು ಕೋರಿಕೆ. ಮುಂದಿನ ಡ್ರಾಫ್ಟ್ ಸುದ್ದಿ ಹಾಕುವಾಗ ಕೀಪರ್‌ನ ಎತ್ತರ ಹಾಕಿ, ಬೇಡ ಅನ್ನುವುದಿಲ್ಲ. ಅದರ ಪಕ್ಕ ಅವನು ಯಾವ ಲೀಗಿನಲ್ಲಿ ಆಡಿದ, ಪಂದ್ಯಕ್ಕೆ ಸರಾಸರಿ ಎಷ್ಟು ಹೊಡೆತ ಎದುರಿಸಿದ ಅನ್ನುವುದೂ ಇರಲಿ. ಹಾಗೆಯೇ 2012ರ ಪಟ್ಟಿಯ ತರಹ ಹಳೆಯ ಡ್ರಾಫ್ಟ್ ಒಂದರ ಕೀಪರ್‌ಗಳು ಆಮೇಲೆ ಏನಾದರು ಅಂತ ಸಣ್ಣ ಬಾಕ್ಸ್ ಹಾಕಿದರೆ ಇನ್ನೂ ಒಳ್ಳೆಯದು. ಬೇಕಿದ್ದರೆ ಆ ಲೆಕ್ಕವನ್ನು ನಾನೇ ಮಾಡಿ ಕಳಿಸುತ್ತೇನೆ.

ಇಂತಿ,
ಗೋಲ್‌ಕೀಪರ್ ಒಬ್ಬನ ಅಮ್ಮ,
ಕಿಚನರ್, ಒಂಟಾರಿಯೊ