ಮಾಳಿಗೆ ಮೇಲಿನ ತಂಪು

ವಿಜಯಪುರ

ಚಿ. ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಸೆಮಿನಾರಿನ ಬರಹ ಎರಡು ಸಲ ಓದಿದೆ. ಚಲೋ ಬರೆದಿದ್ದೀಯ. ಆದ್ರೆ ಮೂರನೇ ಪುಟದ ಒಂದು ಮಾತು ಹೊಡೆದುಹಾಕು. ಎಂಟ್ರೋಪಿ, ಅಂದರೆ ಶಕ್ತಿ ಎಷ್ಟು ಹರಡಿಹೋಗಿದೆ ಅನ್ನುವ ಅಳತೆ, ಯಾವಾಗಲೂ ಏರುತ್ತದೆ ಅನ್ನುವುದು ಉಷ್ಣಶಾಸ್ತ್ರದ ಎರಡನೇ ನಿಯಮ, ಆದರೂ ನಕ್ಷತ್ರ ಹುಟ್ಟಿದವು, ಜೀವ ಹುಟ್ಟಿತು, ಹಾಗಾಗಿ ಎರಡನೇ ನಿಯಮ ಅಲ್ಲಿ ಮುರಿದಿದೆ ಅಂತ ಬರೆದಿದ್ದೀಯಲ್ಲ, ಅದು. ಎಲ್ಲೂ ಮುರಿದಿಲ್ಲಪ್ಪಾ. ಲೆಕ್ಕಕ್ಕೆ ಕೂರುವ ಮೊದಲು ಬೇಲಿ ಎಲ್ಲಿದೆ, ಅಂದರೆ ಏನೇನನ್ನು ಲೆಕ್ಕಕ್ಕೆ ಸೇರಿಸಬೇಕು ಅಂತ ನೀನು ನೋಡಲಿಲ್ಲ, ಅಷ್ಟೆ.

ನಮ್ಮ ಪಡಸಾಲೆಯ ಮಣ್ಣಿನ ಹರವಿ ನೆನಪಿದೆ ಅಲ್ವಾ? ಏಪ್ರಿಲ್ ಬಿಸಿಲಲ್ಲೂ ಅದರ ನೀರು ತಾನಾಗೇ ತಣ್ಣಗಾಗುತ್ತದೆ. ಹರವಿಯ ನೀರನ್ನಷ್ಟೇ ನೋಡಿದರೆ ಎಂಟ್ರೋಪಿ ಇಳಿದಿದೆ. ಆದರೆ ಹೊರಮೈಗೆ ಜಿನುಗಿದ ನೀರು ಆವಿಯಾಗಿ ಮನೆ ತುಂಬ ಹರಡಿತಲ್ಲ, ಅದನ್ನೂ ಕೂಡಿಸು. ಮೊತ್ತ ಏರಿಯೇ ಇರುತ್ತದೆ. 1865ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲಾಸಿಯಸ್ ಎಂಟ್ರೋಪಿ ಅಂತ ಹೆಸರಿಟ್ಟಾಗ ಹೇಳಿದ್ದೂ ಇಡೀ ವಿಶ್ವದ ಮೊತ್ತವನ್ನೇ.

ಹರವಿಯ ಹಾಗೆ ಭೂಮಿಗೂ ಬೇಲಿ ಇಲ್ಲ, ಶಕ್ತಿ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಸಂಜೆ ಮಾಳಿಗೆ ಮೇಲೆ ಕಾಲಿಟ್ಟರೆ ಅಂಗಾಲು ಚುರ್ ಅನ್ನುತ್ತದೆ. ಬೆಳಗಿನ ಜಾವ ಅದೇ ಜಾಗದಲ್ಲಿ ಕೌದಿ ಹುಡುಕುತ್ತೇವೆ. ಮೋಡ ಕವಿದ ರಾತ್ರಿ ಹಾಗಾಗಲ್ಲ, ಗಮನಿಸಿದ್ದೀಯಾ? ಮಾಳಿಗೆಯ ಕಾವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವಾಗಿ ಮೇಲಕ್ಕೆ ಹೋಗುತ್ತದೆ. ಮೋಡವಿದ್ದರೆ ಸಾಕಷ್ಟು ಕಾವು ನಮ್ಮ ಕಡೆಗೇ ವಾಪಸ್ ಬರುತ್ತದೆ. ಸೂರ್ಯನಿಂದ ಬಂದಷ್ಟು ಶಕ್ತಿಯನ್ನು ಭೂಮಿ ಹೆಚ್ಚುಕಮ್ಮಿ ಹೊರಗೆ ಬಿಟ್ಟೇ ಬಿಡುತ್ತದೆ. ಆದರೆ ಸುಮಾರು 5,500 ಡಿಗ್ರಿ ಕಾದ ಸೂರ್ಯನಿಂದ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬಂದರೆ, ಇಲ್ಲಿಂದ ಸುಮಾರು 20 ಬಡ ಫೋಟಾನ್‌ಗಳು ಹೋಗುತ್ತವೆ. ನೋಟು ಬಂತು, ಚಿಲ್ಲರೆ ಹೋಯಿತು. ಶಕ್ತಿ ಅಷ್ಟೇ, ಆದರೆ ಹೆಚ್ಚು ಕಣಗಳಲ್ಲಿ ಹರಡಿಹೋಗಿ ಎಂಟ್ರೋಪಿ ಏರಿತು. ನಮ್ಮ ಹೊಲದ ಜೋಳ ಆ ನೋಟು ಮುರಿಸಿಯೇ ಬೆಳೆಯುವುದು. ಚಿಲ್ಲರೆ ಸುರಿಯಲು ತಣ್ಣಗಿನ ಆಕಾಶವಿದೆ: ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗೆ.

ನಕ್ಷತ್ರದ ಮಾತು ಸ್ವಲ್ಪ ಕಷ್ಟ. ನಾನು ಮಾಸ್ತರನಾಗಿದ್ದಾಗ ಒಬ್ಬ ಹುಡುಗ ಕೇಳಿದ್ದ, ಹರಡಿದ್ದ ಅನಿಲ ಒಂದೇ ಕಡೆ ಯಾಕೆ ಕೂಡಿತು ಸರ್ ಅಂತ. "ಸಿಲಬಸ್‌ನಲ್ಲಿಲ್ಲ, ಕೂತ್ಕೋ" ಅಂದುಬಿಟ್ಟೆ. ನಿಜ ಏನಂದ್ರೆ ನನಗೇ ಗೊತ್ತಿರಲಿಲ್ಲ. ಆ ಹುಡುಗ ಮತ್ತೆ ಕೈ ಎತ್ತಲಿಲ್ಲ.

ಕೋಣೆಯೊಳಗಿನ ಗಾಳಿಗೆ ಸಮನಾಗಿ ಹರಡುವುದೇ ಹೆಚ್ಚಿನ ಎಂಟ್ರೋಪಿ. ಆದರೆ ಗುರುತ್ವದ ಹಿಡಿತ ಜಾಸ್ತಿಯಾದ, ಆಕಾಶದ ದೊಡ್ಡ ಅನಿಲದ ಮೋಡಕ್ಕೆ ಇದು ತಿರುಗುಮುರುಗು. ಅದು ಕುಸಿಯುತ್ತದೆ, ಬಿಸಿಯಾಗುತ್ತದೆ, ಬೆಳಕು ಚೆಲ್ಲುತ್ತದೆ. ಆ ಬೆಳಕನ್ನು ಲೆಕ್ಕಕ್ಕೆ ಹಿಡಿದರೆ ಮೊತ್ತ ಮತ್ತೆ ಏರಿಕೆಯೇ. 1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಸ್, ವಿಲ್ಸನ್ ಪತ್ತೆ ಹಚ್ಚಿದ್ದನ್ನು ಪ್ರಕಟಿಸಿದರಲ್ಲ, ಆಕಾಶದ ತುಂಬ ಉಳಿದಿರುವ ವಿಶ್ವದ ಎಳವೆಯ ಕಾವು, ಅದರಲ್ಲಿ ಇರುವ ಏರುಪೇರು ಲಕ್ಷಕ್ಕೊಂದು ಪಾಲಿನಷ್ಟೇ. ಅಷ್ಟು ನಯವಾಗಿ, ಅಷ್ಟು ಕಡಿಮೆ ಎಂಟ್ರೋಪಿಯಲ್ಲಿ ವಿಶ್ವ ಯಾಕೆ ಶುರುವಾಯಿತು? ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಮೂರನೇ ಪುಟದಲ್ಲಿ ಆ ಪ್ರಶ್ನೆಯನ್ನೇ ಬರೆ. ಯಾರಾದರೂ ಕೈ ಎತ್ತಿದರೆ ಗೊತ್ತಿಲ್ಲ ಅನ್ನು, ನನ್ನ ಹಾಗೆ ಕೂರಿಸಬೇಡ.

ಪರೀಕ್ಷೆ ಮುಗಿಸಿ ಬಾ. ಈ ಸಲ ಹೊಸ ಹರವಿ ತಂದಿದ್ದೇವೆ, ನೀರಿಗೆ ಇನ್ನೂ ಮಣ್ಣಿನ ವಾಸನೆ ಇದೆ. ನಿನ್ನ ಕೌದಿಯನ್ನು ಕಾಕು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದಾಳೆ.

ಇಂತಿ ನಿನ್ನ ಕಾಕಾ